ದಂಡವೋ, ಬಾಡಿಗೆಯೋ?

1964ನೆಯ ಇಸವಿ ಮೇ ತಿಂಗಳ 19ನೆಯ ತಾರೀಖು. ಲಂಡನ್ ನಗರದಲ್ಲಿ ಥಾರ್ನ್‌ಟನ್ ಎಂಬ ತುತ್ತೂರಿ ವಾದಕರೊಬ್ಬರು ತಮ್ಮ ಕಾರಿನಲ್ಲಿ ಹೊರಟಿದ್ದರು. ಕರೆದವರಲ್ಲಿಗೆ ಹೋಗಿ ನುಡಿಸಿ ಬರುವ ನುರಿತ ಕಲಾವಿದರು ಅವರು. ಅಂದು ಕರೆ ಬಂದದ್ದು ಬಿ.ಬಿ.ಸಿ.ಯಿಂದ. ನಾವು ಮನೆಯಲ್ಲಿ ಕುಳಿತು ರೇಡಿಯೋದ ಗುಂಡಿ ತಿರುಗಿಸುತ್ತೇವೆ, ಸಂಗೀತ ಕೇಳಿಸುತ್ತದೆ. ನುಡಿಸುವಾತ ತನ್ನ ಗಾಡಿಯನ್ನು ಎಲ್ಲಿ ಬಿಟ್ಟು ಬಂದನೆಂಬ ಯೋಚನೆ ನಮಗೇಕೆ? ಆದರೆ ಆ ದಿನ ಆ ವಾದಕರು ಕಾರು ಬಿಟ್ಟ ಜಾಗವೇ ಇಂಗ್ಲೆಂಡಿನ ಕಾನೂನಿನ ಚರಿತ್ರೆಯಲ್ಲಿ ಒಂದು ಅಧ್ಯಾಯವಾಗಿ ಕುಳಿತಿದೆ.

ಷೂ ಲೇನ್ ಎಂಬ ಓಣಿಯಲ್ಲಿ ಹಲವು ಮಹಡಿಗಳ ಹೊಸ ಕಾರು ನಿಲ್ದಾಣವೊಂದು ತೆರೆದು ಕೆಲವೇ ತಿಂಗಳಾಗಿದ್ದವು. ಥಾರ್ನ್‌ಟನ್ನರು ಹಿಂದೆಂದೂ ಅಲ್ಲಿಗೆ ಹೋದವರಲ್ಲ. ಬಾಗಿಲಲ್ಲಿ ದರದ ಹಲಗೆಯಿತ್ತು: ಎರಡು ಗಂಟೆಗೆ 5 ಷಿಲಿಂಗು, ಮೂರು ಗಂಟೆಗೆ 7 ಷಿಲಿಂಗು 6 ಪೆನ್ನಿ. ಕೆಳಗೆ, ಕಾರುಗಳು ಮಾಲೀಕರ ಹೊಣೆಯಲ್ಲಿ ನಿಂತಿರುತ್ತವೆ ಎಂಬ ಒಂದು ಸಾಲು. ಕಾವಲುಗಾರನಿಲ್ಲ, ಗುಮಾಸ್ತನಿಲ್ಲ. ಕಾರು ಬಾಗಿಲಿಗೆ ಬಂದೊಡನೆ ಕೆಂಪು ದೀಪ ಹಸಿರಾಯಿತು. ಯಂತ್ರ ಒಂದು ಚೀಟಿಯನ್ನು ಹೊರಕ್ಕೆ ಚಾಚಿತು. ವಾದಕರು ಅದರ ಮೇಲಿನ ಗಂಟೆಯನ್ನಷ್ಟೇ ನೋಡಿ ಜೇಬಿಗೆ ಸೇರಿಸಿದರು. ಸಣ್ಣ ಅಕ್ಷರದಲ್ಲಿ ಇನ್ನೇನೋ ಬರೆದಿರುವುದು ಕಂಡಿತ್ತು, ಓದಲಿಲ್ಲ. ಒಳಗೆ ತೂಗುಹಾಕಿರುವ ಷರತ್ತುಗಳಿಗೆ ಒಳಪಟ್ಟು ಈ ಚೀಟಿ ಕೊಡಲಾಗಿದೆ ಎಂಬುದೇ ಅದರ ಅಭಿಪ್ರಾಯ. ಆ ಷರತ್ತುಗಳೋ, ಒಂದು ಕಂಬದ ಮೇಲೆ ಎಂಟು ಉದ್ದುದ್ದನೆಯ ಕಂಡಿಕೆಗಳಲ್ಲಿದ್ದವು. ಆವರಣದಲ್ಲಿ ಯಾರಿಗಾದರೂ ಗಾಯವಾದರೆ ಕಂಪನಿ ಹೊಣೆಯಲ್ಲವೆಂಬ ಮಾತು ಅವುಗಳ ನಡುವೆ ಅಡಗಿತ್ತು.

ಮೂರು ಗಂಟೆಯ ಮೇಲೆ ಮರಳಿ ಬಂದು ಸಾಮಾನನ್ನು ಕಾರಿಗೆ ತುಂಬುತ್ತಿದ್ದಾಗ ಅಪಘಾತವಾಗಿ ಅವರಿಗೆ ಬಲವಾದ ಪೆಟ್ಟು ಬಿತ್ತು. ತಪ್ಪು ಅರ್ಧ ಅವರದು, ಅರ್ಧ ಕಂಪನಿಯದು ಎಂದು ಕೆಳ ನ್ಯಾಯಾಲಯ ಎಣಿಸಿ 3,637 ಪೌಂಡು ಚಿಲ್ಲರೆ ಪರಿಹಾರ ಕೊಡಿಸಿತು. ಕಂಪನಿ ಕಂಬದ ಮೇಲಿನ ಷರತ್ತನ್ನು ಮುಂದೊಡ್ಡಿ ಅಪೀಲು ಮಾಡಿತು.

1970ರ ಡಿಸೆಂಬರಿನಲ್ಲಿ ತೀರ್ಪಿತ್ತವರು ಲಾರ್ಡ್ ಡೆನ್ನಿಂಗ್ ಮತ್ತು ಇನ್ನಿಬ್ಬರು ನ್ಯಾಯಮೂರ್ತಿಗಳು. ಡೆನ್ನಿಂಗರು ಕೇಳಿದ ಪ್ರಶ್ನೆ ಸರಳವಾದದ್ದು: ಕರಾರು ಆದದ್ದು ಯಾವ ಗಳಿಗೆಯಲ್ಲಿ? ಕಾರು ಯಂತ್ರದ ಮುಂದೆ ಬಂದು ನಿಂತು ದೀಪ ಹಸಿರಾದಾಗಲೇ ಮಾತು ಮುಗಿದುಹೋಯಿತು. ಚೀಟಿ ಬಂದದ್ದು ಆಮೇಲೆ. ಮನುಷ್ಯ ಗುಮಾಸ್ತನಾದರೆ ‘ಈ ಷರತ್ತು ನನಗೆ ಬೇಡ, ದುಡ್ಡು ಹಿಂದಕ್ಕೆ ಕೊಡು’ ಎನ್ನಬಹುದು. ಯಂತ್ರದೊಡನೆ ವಾದಿಸುವುದೆಂತು? ಬೈದರೂ ಅದು ಕದಲದು ಎಂದು ಅವರು ನಗೆಯಾಡಿದರು. ಇನ್ನೊಬ್ಬ ನ್ಯಾಯಮೂರ್ತಿ ಮೆಗಾ ಅವರ ಮಾತು ಇನ್ನೂ ಸೊಗಸು. ಚೀಟಿ ಪಡೆದ ಒಬ್ಬೊಬ್ಬನೂ ಕಾರಿನಿಂದಿಳಿದು, ಬಾಗಿಲಿಗೆ ಅಡ್ಡವಾಗಿ ಅದನ್ನು ಬಿಟ್ಟು, ಷರತ್ತಿನ ಹಲಗೆ ಎಲ್ಲಿದೆಯೆಂದು ಹುಡುಕಿ ಓದಲು ಹೊರಟರೆ ಇದೇ ಕಂಪನಿಯವರಿಗೆ ಎಷ್ಟು ಸಿಟ್ಟು ಬರುತ್ತಿತ್ತು, ಊಹಿಸಿಕೊಳ್ಳಿ ಎಂದರು. ಕಂಪನಿ ಸೋತಿತು.

ಚೀಟಿಯ ಈ ವಿವಾದ ಕಾರಿಗಿಂತ ಹಳೆಯದು. 1877ರಲ್ಲಿ ಪಾರ್ಕರ್ ಎಂಬಾತ ಲಂಡನ್ನಿನ ಚೇರಿಂಗ್ ಕ್ರಾಸ್ ರೈಲು ನಿಲ್ದಾಣದ ಸಾಮಾನು ಕೋಣೆಯಲ್ಲಿ ಎರಡು ಪೆನ್ನಿ ಕೊಟ್ಟು ಇಟ್ಟ ಚೀಲ ಕಳೆದುಹೋದ ಮೊಕದ್ದಮೆ ನಡೆದಿತ್ತು. 10 ಪೌಂಡಿಗಿಂತ ಹೆಚ್ಚಿನ ಬೆಲೆಯ ವಸ್ತುವಿಗೆ ನಾವು ಹೊಣೆಯಲ್ಲ ಎಂದು ಚೀಟಿಯ ಬೆನ್ನ ಮೇಲೆ ಅಚ್ಚು ಹಾಕಿದ್ದರು. ಗಿರಾಕಿ ಓದಿದನೋ ಇಲ್ಲವೋ ಎಂಬುದಲ್ಲ, ಅವನ ಕಣ್ಣಿಗೆ ಬೀಳುವಂತೆ ಮಾಡಲು ರೈಲ್ವೆಯವರು ಸಾಕಷ್ಟು ಪ್ರಯತ್ನಪಟ್ಟರೋ ಇಲ್ಲವೋ ಎಂಬುದೇ ಪ್ರಶ್ನೆ ಎಂದು ನ್ಯಾಯಾಲಯ ಅಂದೇ ಹೇಳಿತು. ಷರತ್ತು ಎಷ್ಟು ಕಟುವೋ ಅಷ್ಟು ಎದ್ದುಕಾಣುವಂತೆ ಬರೆಯಬೇಕು ಎಂದು ಡೆನ್ನಿಂಗರು ಅದಕ್ಕೆ ಸೇರಿಸಿದರು. ಕೆಲವು ಷರತ್ತುಗಳಿಗಂತೂ ಕೆಂಪು ಮಸಿಯಲ್ಲಿ ಒಂದು ಕೈ ಬರೆದು ಬೆರಳಿನಿಂದ ತೋರಿಸಬೇಕಾದೀತು ಎಂದು 1956ರಷ್ಟು ಹಿಂದೆಯೇ ಅವರು ಹೇಳಿದ್ದುಂಟು. ವರ್ಷಗಟ್ಟಲೆ ಮಕ್ಕಳ ಕೈಬರಹ ತಿದ್ದಿದ ನನ್ನಂಥವನಿಗೆ, ಅಕ್ಷರದ ಗಾತ್ರವೂ ನ್ಯಾಯದ ವಿಷಯವೆಂದು ಒಬ್ಬ ನ್ಯಾಯಾಧೀಶರು ತಿಳಿದದ್ದು ಬಹಳ ಹಿಡಿಸಿತು.

ನಮ್ಮ ದೇಶದಲ್ಲಿಯೂ ಇದರ ನಂಟು ಇಲ್ಲದಿಲ್ಲ. 1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿಗೆ ಬಂದ ಒಬ್ಬರು ಕಾರಿನ ಬೀಗದಕೈಯನ್ನು ಹೋಟೆಲಿನ ಆಳಿಗೆ ಕೊಟ್ಟು ಚೀಟಿ ಪಡೆದರು, ಕಾರು ಕಳುವಾಯಿತು. ಮಾಲೀಕರ ಹೊಣೆಯಲ್ಲಿ ಎಂಬ ಅದೇ ಹಳೆಯ ಮಾತು ಆ ಚೀಟಿಯ ಮೇಲೂ ಇತ್ತು. ಕಾರನ್ನು ತನ್ನ ವಶಕ್ಕೆ ತೆಗೆದುಕೊಂಡ ಹೋಟೆಲು ತನ್ನ ಅಜಾಗರೂಕತೆಯ ಫಲದಿಂದ ಆ ಒಂದು ಸಾಲನ್ನು ತೋರಿಸಿ ಪಾರಾಗಲಾರದು ಎಂದು ನಮ್ಮ ಸರ್ವೋಚ್ಚ ನ್ಯಾಯಾಲಯ 2019ರ ನವೆಂಬರಿನಲ್ಲಿ ತೀರ್ಪಿತ್ತಿತು.

ಇಷ್ಟೂ ಕಂಪನಿ ತನ್ನ ಹೊಣೆಯನ್ನು ಜಾರಿಸಿಕೊಳ್ಳುವ ಕಥೆ. ಆದರೆ ಅದೇ ಹಲಗೆಯ ಮೇಲೆ, ಇಷ್ಟು ಹೊತ್ತಿಗಿಂತ ಹೆಚ್ಚು ನಿಲ್ಲಿಸಿದರೆ ಇಷ್ಟು ಹಣ ತೆರಬೇಕು ಎಂದು ಬರೆದರೆ? ಇಲ್ಲಿ ಮಾತಿನ ಒಂದು ಸೂಕ್ಷ್ಮವಿದೆ. ಬಾಡಿಗೆಯೆಂದರೆ ಇಬ್ಬರೂ ಒಪ್ಪಿ ಕೊಟ್ಟು ಕೊಳ್ಳುವುದು. ಪರಿಹಾರವೆಂದರೆ ಆದ ನಷ್ಟವನ್ನು ತುಂಬಿಕೊಡುವುದು. ದಂಡವೆಂದರೆ ತಪ್ಪಿಗೆ ಶಿಕ್ಷೆ. ಅದನ್ನು ವಿಧಿಸುವ ಅಧಿಕಾರ ದಂಡಧರನಾದ ಅರಸನದು, ಇಂದಿನ ಮಾತಿನಲ್ಲಿ ಸರ್ಕಾರದ್ದು. ಅಂಗಡಿಯವನು ಗಿರಾಕಿಯಿಂದ ಬೆಲೆ ಕೇಳಬಹುದು, ದಂಡ ಹಾಕಲಾರ. ಇಂಗ್ಲೆಂಡಿನಲ್ಲಿ ನಗರಸಭೆ ರಸ್ತೆಯ ಬದಿಯ ಕಾರಿಗೆ ಹಾಕುವುದು ನಿಜವಾದ ದಂಡ. ಅದರ ಚೀಟಿಗೆ ಪೆನಲ್ಟಿ ಚಾರ್ಜ್ ನೋಟೀಸ್ ಎಂದು ಹೆಸರು. ಖಾಸಗಿ ಕಂಪನಿಗಳು ತಮ್ಮದನ್ನು ಪಾರ್ಕಿಂಗ್ ಚಾರ್ಜ್ ನೋಟೀಸ್ ಎಂದು ಕರೆದುಕೊಂಡವು. ಎರಡನ್ನೂ ಮೊಟಕು ಮಾಡಿದರೆ ಪಿ.ಸಿ.ಎನ್. ಎಂದೇ ಆಗುತ್ತದೆ! ಇದು ಆಕಸ್ಮಿಕವೆಂದು ನಂಬುವಷ್ಟು ಉದಾರಿ ನಾನಲ್ಲ. ಎಷ್ಟೋ ಜನ ಸರ್ಕಾರವೇ ದಂಡ ಹಾಕಿದೆಯೆಂದು ಹೆದರಿ ಹಣ ಕಟ್ಟಿದ್ದಾರೆ.

ಕಾಗದಕ್ಕಿಂತ ಮೊದಲು ಕಬ್ಬಿಣದ ಕಾಲವೊಂದಿತ್ತು. ಗಾಲಿಗೆ ತೊಡಿಸುವ ಕೋಳವನ್ನು ಕಂಡುಹಿಡಿದವರು ಅಮೆರಿಕದ ಡೆನ್ವರ್ ನಗರದ ಫ್ರಾಂಕ್ ಮರುಗ್. ಅವರೂ ಸಂಗೀತಗಾರರೇ, ಆ ನಗರದ ವಾದ್ಯವೃಂದದಲ್ಲಿ ಪಿಟೀಲು ನುಡಿಸುತ್ತಿದ್ದವರು ಎಂಬುದು ಒಂದು ವಿನೋದ. 1955ರಲ್ಲಿ ಡೆನ್ವರಿನ ಪೊಲೀಸರು ಅದನ್ನು ಬಳಕೆಗೆ ತಂದರು. ಕಾಲಾನಂತರ ಬ್ರಿಟನ್ನಿಗೂ ಬಂತು. ಪೊಲೀಸರ ಕೈಯಿಂದ ಖಾಸಗಿ ಗುತ್ತಿಗೆದಾರರ ಕೈಗೂ ಬಂತು. ಯಾರದೋ ಖಾಲಿ ನಿವೇಶನದಲ್ಲಿ ಹತ್ತು ನಿಮಿಷ ಕಾರು ನಿಲ್ಲಿಸಿ ಮರಳಿದರೆ ಗಾಲಿಗೆ ಕೋಳ. ಪಕ್ಕದಲ್ಲಿ, ಹಣ ಕೊಟ್ಟರೆ ಬಿಚ್ಚುತ್ತೇವೆಂಬ ಚೀಟಿ.

ಇದನ್ನು ಮೊದಲು ತಡೆದವರು ಸ್ಕಾಟ್ಲೆಂಡಿನವರು. ಅಲ್ಲಿಯ ಉಚ್ಚ ನ್ಯಾಯಾಲಯ 1992ರಲ್ಲಿ, ಖಾಸಗಿಯವರು ಹೀಗೆ ಕೋಳ ಹಾಕಿ ಹಣ ಕೇಳುವುದು ಸುಲಿಗೆ, ಕಾರಿನ ಒಡೆಯನಿಗೆ ಅದರ ಬಳಕೆಯನ್ನು ತಪ್ಪಿಸುವುದು ಕಳವು ಎಂದು ಮುಚ್ಚುಮರೆಯಿಲ್ಲದೆ ಹೇಳಿತು. ಆ ದಿನದಿಂದ ಸ್ಕಾಟ್ಲೆಂಡಿನ ಖಾಸಗಿ ನೆಲದಲ್ಲಿ ಕೋಳದ ಮಾತು ಮುಗಿಯಿತು.

ಇಂಗ್ಲೆಂಡು ಇನ್ನೂ 20 ವರ್ಷ ಅನುಭವಿಸಿತು. ಟ್ರೂರೋ ಪಟ್ಟಣದ ಒಂದು ಮೊಕದ್ದಮೆಯನ್ನು ಇಲ್ಲಿ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಖಾಸಗಿ ಜಾಗದಲ್ಲಿ ನಿಂತ ಕಾರಿಗೆ ಗುತ್ತಿಗೆದಾರರು ಎರಡು ಕೋಳ ಹಾಕಿದರು. ಒಡೆಯ ಹಣ ಕೊಡಲೊಪ್ಪದೆ, ರಾತ್ರೋರಾತ್ರಿ ಬಂದು ಕೋಳಗಳ ಸಮೇತ ಕಾರನ್ನು ಒಯ್ದ! ನ್ಯಾಯಾಲಯದಲ್ಲಿ ಗುತ್ತಿಗೆದಾರರು ಒಂದು ಪ್ರಾಚೀನ ನ್ಯಾಯವನ್ನು ಹೊರತೆಗೆದರು. ಪರರ ಹೊಲಕ್ಕೆ ನುಗ್ಗಿ ಪೈರು ಮೇಯುವ ದನವನ್ನು ಹೊಲದವನು ಹಿಡಿದು ಕಟ್ಟಿಹಾಕಿ, ನಷ್ಟ ತುಂಬಿಸಿಕೊಂಡು ಬಿಡಬಹುದಷ್ಟೆ? ಕಾರೂ ಹಾಗೆಯೇ ಎಂದು ಅವರ ವಾದ. ನಮ್ಮ ಹಳ್ಳಿಗಳ ದನದ ದೊಡ್ಡಿಯನ್ನು ಕಂಡವರಿಗೆ ಈ ವಾದ ತಟ್ಟನೆ ಅರ್ಥವಾದೀತು. 1871ರಲ್ಲಿಯೇ ಬ್ರಿಟಿಷರು ಇಲ್ಲಿ ಅದಕ್ಕೊಂದು ಶಾಸನ ಮಾಡಿದ್ದರು. ಆದರೆ ಸುಮ್ಮನೆ ನಿಂತ ಕಾರು ಯಾವ ಪೈರು ಮೇಯಿತು? ನ್ಯಾಯಾಲಯ ಆ ಹೋಲಿಕೆಯನ್ನು ಒಪ್ಪಲಿಲ್ಲ. ಹಾಗೆಂದು ಕಾರಿನವನೂ ಗೆಲ್ಲಲಿಲ್ಲ. ಹಲಗೆಯನ್ನು ಓದಿಯೂ ನಿಲ್ಲಿಸಿದವನು ಕೋಳಕ್ಕೆ ತಾನೇ ಒಪ್ಪಿದಂತಾಯಿತು. ಬಿಡಿಸುವ ಹಣ ಮಿತವಾಗಿರಬೇಕು, ಕೊಟ್ಟ ಕೂಡಲೇ ಬಿಚ್ಚಬೇಕು, ಅಷ್ಟೆ ಎಂದು 1995ರಲ್ಲಿ ತೀರ್ಮಾನವಾಯಿತು.

ಓದಿದವನು ಒಪ್ಪಿದಂತೆ. ಓದದವನು? ಈ ಪ್ರಶ್ನೆಯನ್ನು ತಂದವಳು ಪೂರ್ವ ಲಂಡನ್ನಿನ ಒಬ್ಬ ಹೆಣ್ಣುಮಗಳು. 1997ರಲ್ಲಿ ಆಕೆ ಆಸ್ಪತ್ರೆಯಿಂದ ಮರಳುತ್ತಿದ್ದಾಗ ದಾರಿಯಲ್ಲಿ ಹೊಟ್ಟೆ ತೊಳಸಿ, ಕಾರನ್ನು ಪಕ್ಕದ ಖಾಲಿ ಜಾಗಕ್ಕೆ ತಿರುಗಿಸಿ ಇಳಿದು ವಾಂತಿ ಮಾಡಿಕೊಂಡಳು. ಕೆಲವೇ ನಿಮಿಷದಲ್ಲಿ ಬಂದು ನೋಡಿದರೆ ಗಾಲಿಗೆ ಕೋಳ. ಎಚ್ಚರಿಕೆಯ ಹಲಗೆಯಿತ್ತು, ನಿಜ. ಆದರೆ ಮುಂದೆ ನಿಂತಿದ್ದ ಒಂದು ದೊಡ್ಡ ಕಾರು ಅದನ್ನು ಮರೆಮಾಡಿತ್ತು. ನೂರು ಪೌಂಡಿಗೂ ಹೆಚ್ಚು ತೆತ್ತು ಕಾರು ಬಿಡಿಸಿಕೊಂಡಳು. ಅಲ್ಲಿಗೆ ಬಿಡಲಿಲ್ಲ, ದಾವೆ ಹೂಡಿದಳು. ಮೊದಲ ನ್ಯಾಯಾಲಯದಲ್ಲಿ ಸೋತಳು. 2000ನೆಯ ಇಸವಿಯಲ್ಲಿ ಅಪೀಲಿನಲ್ಲಿ ಗೆದ್ದಳು. ಹಲಗೆಯನ್ನು ಕಾಣದವಳು ಅದಕ್ಕೆ ಒಪ್ಪಿದಳೆನ್ನಲಾಗದು. ಒಪ್ಪದವಳ ಕಾರಿಗೆ ಕೋಳ ಹಾಕಿದ್ದು ಅತಿಕ್ರಮವೇ ಎಂದಿತು ನ್ಯಾಯಾಲಯ. ಈ ಚರಿತ್ರೆಯಲ್ಲಿ ಬರುವವರ ಪೈಕಿ ನನ್ನ ಮನಸ್ಸಿನಲ್ಲಿ ಹೆಚ್ಚು ನಿಂತವಳು ಈಕೆ. ತುತ್ತೂರಿಯವರಿಗೆ ಸಾವಿರಾರು ಪೌಂಡಿನ ಗಾಯವಾಗಿತ್ತು. ಈಕೆ ಮೂರು ವರ್ಷ ಹೋರಾಡಿದ್ದು ನೂರು ಪೌಂಡಿನ ಅನ್ಯಾಯಕ್ಕೆ.

ಕೊನೆಗೆ 2012ರಲ್ಲಿ ಪಾರ್ಲಿಮೆಂಟು ಕಾಯಿದೆ ಮಾಡಿತು. ಆ ವರ್ಷ ಅಕ್ಟೋಬರ್ 1ರಿಂದ ಇಂಗ್ಲೆಂಡು ಮತ್ತು ವೇಲ್ಸಿನಲ್ಲಿ ಕಾನೂನಿನ ಅಧಿಕಾರವಿಲ್ಲದೆ ಗಾಲಿಗೆ ಕೋಳ ಹಾಕುವುದು ಅಪರಾಧವಾಯಿತು. ಆದರೆ ಒಂದು ಕೈಯಲ್ಲಿ ಕಸಿದದ್ದಕ್ಕೆ ಬದಲಾಗಿ ಇನ್ನೊಂದು ಕೈಯಲ್ಲಿ ಕೊಟ್ಟದ್ದೂ ಉಂಟು. ಅಲ್ಲಿಯವರೆಗೆ ಕಾರನ್ನು ನಡೆಸಿದವರು ಯಾರೆಂದು ಕಂಪನಿಯೇ ತೋರಿಸಬೇಕಾಗಿತ್ತು. ಕರಾರು ಆಗಿದ್ದರೆ ಅದು ಚಾಲಕನೊಡನೆ ತಾನೆ? ಹೊಸ ಕಾಯಿದೆಯ ಪ್ರಕಾರ, ಚಾಲಕನ ಹೆಸರು ತಿಳಿಯದಿದ್ದರೆ ಕಾರು ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವರಿಂದಲೇ ಹಣ ಕೇಳಬಹುದು. ಹಾಗೆ ಕೇಳಲು ಕಟ್ಟುನಿಟ್ಟಿನ ಗಡುವು ಉಂಟು: ಕ್ಯಾಮರಾ ಮಾತ್ರ ಹಿಡಿದ ಪ್ರಕರಣದಲ್ಲಿ 14 ದಿನದೊಳಗೆ ನೋಟೀಸು ಮನೆಗೆ ಮುಟ್ಟಬೇಕು. ವಿಳಾಸವನ್ನು ಕಂಪನಿಗಳಿಗೆ ಒದಗಿಸುವುದು ಸರ್ಕಾರದ ನೋಂದಣಿ ಇಲಾಖೆಯೇ, ಒಂದಕ್ಕೆ ಎರಡೂವರೆ ಪೌಂಡಿನಂತೆ. ಈಚಿನ ವರ್ಷಗಳಲ್ಲಿ ಹಾಗೆ ಹೊರಬಿದ್ದ ವಿಳಾಸಗಳು ವರ್ಷಕ್ಕೆ 1 ಕೋಟಿಗೂ ಹೆಚ್ಚು. ಕಬ್ಬಿಣ ಹೋಗಿ ಕಾಗದ ಬಂತು.

ಹೀಗೆ ಕಾಗದ ಬಂದವರಲ್ಲಿ ಒಬ್ಬರು ಬೀವಿಸ್, ಮೀನು-ಆಲೂಗೆಡ್ಡೆ ಕರಿದು ಮಾರುವ ಅಂಗಡಿಯವರು. 2013ರ ಏಪ್ರಿಲ್ 15ರಂದು ಚೆಮ್ಸ್‌ಫರ್ಡ್ ಊರಿನ ಅಂಗಡಿ ಸಾಲಿನ ಮುಂದೆ ಕಾರು ನಿಲ್ಲಿಸಿದರು. ಎರಡು ಗಂಟೆ ಉಚಿತ. ಮೀರಿದರೆ 85 ಪೌಂಡು, ಬೇಗ ಕಟ್ಟಿದರೆ 50. ಅವರು 56 ನಿಮಿಷ ಮೀರಿದ್ದರು. ನಿಮ್ಮ ಈ 85 ಪೌಂಡು ಬಾಡಿಗೆಯೂ ಅಲ್ಲ, ನಷ್ಟದ ಪರಿಹಾರವೂ ಅಲ್ಲ, ಬರಿಯ ದಂಡ. ಕರಾರಿನಲ್ಲಿ ದಂಡ ಬರೆದರೆ ನ್ಯಾಯಾಲಯ ಅದನ್ನು ಕೊಡಿಸದು ಎಂದು ಅವರು ವಾದ ಹೂಡಿದರು.

ವಾದಕ್ಕೆ ಬಲವಾದ ಆಧಾರವಿತ್ತು. 1915ರ ಕಾನೂನು ವರದಿಗಳಲ್ಲಿ ಅಚ್ಚಾದ ಡನ್‌ಲಪ್ ಟೈರು ಕಂಪನಿಯ ಮೊಕದ್ದಮೆಯಲ್ಲಿ ಲಾರ್ಡ್ ಡ್ಯೂನಡಿನ್ ಹಾಕಿಕೊಟ್ಟ ಗೆರೆ ನೂರು ವರ್ಷ ನಡೆದುಬಂದಿತ್ತು. ಕರಾರು ಮುರಿದರೆ ಕೊಡಬೇಕೆಂದು ಬರೆದ ಮೊತ್ತ, ಆಗಬಹುದಾದ ನಷ್ಟದ ಪ್ರಾಮಾಣಿಕ ಅಂದಾಜಾಗಿದ್ದರೆ ಸರಿ. ಹೆದರಿಸಲೆಂದೇ ಬರೆದದ್ದಾದರೆ ಅದು ದಂಡ, ಸಲ್ಲದು. ಚೆಮ್ಸ್‌ಫರ್ಡಿನ ಕಂಪನಿಗೆ ನಷ್ಟವೆಲ್ಲಿಂದ ಬಂತು? ನೆಲ ಅದರದಲ್ಲ. ಅಲ್ಲಿ ನಿಂತು ಕೆಲಸ ನಡೆಸುವ ಹಕ್ಕಿಗಾಗಿ ಅದೇ ನೆಲದ ಒಡೆಯರಿಗೆ ವಾರಕ್ಕೆ 1,000 ಪೌಂಡು ತೆರುತ್ತಿತ್ತು. ಹೊತ್ತು ಮೀರುವವರೇ ಇಲ್ಲದಿದ್ದರೆ ಆ ಜಾಗದಿಂದ ಅದಕ್ಕೆ ಆದಾಯವೇ ಇಲ್ಲ!

ಪ್ರಸಂಗವಶಾತ್ ಹೇಳುವುದಾದರೆ, ಭಾರತದ 1872ರ ಕರಾರು ಕಾಯಿದೆಯ 74ನೆಯ ಕಲಮು ಈ ಜಗಳವನ್ನು ಆಗಲೇ ಬೇರೆ ದಾರಿಯಲ್ಲಿ ಬಿಡಿಸಿಬಿಟ್ಟಿತ್ತು. ಬರೆದ ಮೊತ್ತವನ್ನು ಅಂದಾಜೆನ್ನಿ, ದಂಡವೆನ್ನಿ. ಅದನ್ನು ಮೇಲಿನ ಮಿತಿಯೆಂದು ಹಿಡಿದು, ಅದರೊಳಗೆ ನ್ಯಾಯವಾದ ಪರಿಹಾರ ಎಷ್ಟೋ ಅಷ್ಟನ್ನೇ ಕೊಡಿಸಬೇಕು. 1963ರ ಫತೇಚಂದ್ ಮೊಕದ್ದಮೆಯಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ ಇದನ್ನು ವಿಶದಪಡಿಸಿತು. ಇಂಗ್ಲಿಷರು ನಮಗೆ ಬರೆದುಕೊಟ್ಟ ಕಾಯಿದೆಯಲ್ಲಿ ತಮ್ಮ ಮನೆಯ ತೊಡಕನ್ನು ತಾವೇ ಬಿಡಿಸಿ, ಮನೆಯಲ್ಲಿ ಮಾತ್ರ ಹಾಗೆಯೇ ಉಳಿಸಿಕೊಂಡದ್ದು ವಿಚಿತ್ರ.

ಬೀವಿಸರ ಮೊಕದ್ದಮೆ ಕೇಂಬ್ರಿಜ್ಜಿನ ಸಣ್ಣ ನ್ಯಾಯಾಲಯದಿಂದ ಹೊರಟು ಬ್ರಿಟನ್ನಿನ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2015ರ ನವೆಂಬರ್ 4ರಂದು ಏಳು ನ್ಯಾಯಮೂರ್ತಿಗಳಲ್ಲಿ ಆರು ಜನ ಕಂಪನಿಯ ಪರ ತೀರ್ಪಿತ್ತರು. ನೂರು ವರ್ಷದ ಗೆರೆಯನ್ನೇ ಅವರು ಬದಲಾಯಿಸಿದರು. ನಷ್ಟದ ಅಂದಾಜೇ ಆಗಿರಬೇಕಿಲ್ಲ. ಷರತ್ತು ಹಾಕಿದವನಿಗೆ ಅದರಲ್ಲಿ ನ್ಯಾಯಸಮ್ಮತವಾದ ಹಿತವೊಂದಿದ್ದು, ಮೊತ್ತ ಆ ಹಿತಕ್ಕೆ ತೀರ ಮೀರಿದ್ದಾಗಿರದಿದ್ದರೆ ಸಾಕು. ಅಂಗಡಿಗಳಿಗೆ ಗಿರಾಕಿಗಳು ಬಂದು ಹೋಗುತ್ತಿರಬೇಕು, ಒಬ್ಬನೇ ದಿನವಿಡೀ ಜಾಗ ಹಿಡಿದಿರಬಾರದು. ಇದು ನ್ಯಾಯವಾದ ಹಿತವೇ. 85 ಪೌಂಡು ನಗರಸಭೆಗಳ ದಂಡಕ್ಕಿಂತ ವಿಪರೀತವೇನಲ್ಲ. ಹಲಗೆಗಳು ಸುಮಾರು 20 ಇದ್ದವು, ದೊಡ್ಡ ಅಕ್ಷರದಲ್ಲಿದ್ದವು. ಮೊತ್ತವೂ ಅವುಗಳಲ್ಲಿ ಎದ್ದು ಕಾಣುತ್ತಿತ್ತು.

ಒಪ್ಪದ ಏಳನೆಯವರು ಲಾರ್ಡ್ ಟೌಲ್ಸನ್. ಗಿರಾಕಿಗೆ ಅನ್ಯಾಯವಾಗುವ ಷರತ್ತುಗಳನ್ನು ತಡೆಯುವ ನಿಯಮಗಳು ಬೇರೆಯೇ ಇವೆಯಲ್ಲ, ಅವುಗಳ ಪ್ರಕಾರ ಇದು ನಿಲ್ಲದು ಎಂದರು. ಎರಡೇ ನಿಮಿಷ ಮೀರಿದವನಿಗೂ 85, ಇಡೀ ದಿನ ನಿಂತವನಿಗೂ 85. ಮೈಯಲ್ಲಿ ಶಕ್ತಿಯಿಲ್ಲದವರು, ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಬಂದವರು ತಡವಾದರೆ ಯಾವ ರಿಯಾಯಿತಿಯೂ ಇಲ್ಲ. ಕಾನೂನಿನ ಪಂಡಿತರು ಬಹುಮತದ ತರ್ಕವನ್ನು ಮೆಚ್ಚಿದ್ದಾರೆ, ಅದರಲ್ಲಿ ತೂಕವಿದೆ. ನನಗೆ ಮಾತ್ರ ಏಳನೆಯವರ ಮಾತು ವಾಂತಿಗೆಂದು ಇಳಿದ ಆ ಹೆಣ್ಣುಮಗಳನ್ನು ನೆನಪಿಗೆ ತರುತ್ತದೆ.

ಈ ತೀರ್ಪಿನಿಂದ ಕಂಪನಿಗಳು ತಾವು ಕೇಳಿದ್ದೆಲ್ಲ ಸಿಂಧುವೆಂದು ಬೀಗಿದವು. ಆದರೆ ಗೆದ್ದದ್ದು ಆ 20 ಹಲಗೆಗಳಿದ್ದ ಜಾಗ. ಹಲಗೆ ಕಾಣದ, ಅಕ್ಷರ ಓದಲಾಗದ ಕಡೆ ಹಳೆಯ ತೀರ್ಪುಗಳು ಇನ್ನೂ ಜೀವಂತ. 2012ರ ಕಾಯಿದೆಯ ಜೊತೆಯಲ್ಲಿ ಹುಟ್ಟಿದ ಪಾಪ್ಲಾ ಎಂಬ ಮೇಲ್ಮನವಿ ಕಛೇರಿಗೆ ಗಿರಾಕಿ ಖರ್ಚಿಲ್ಲದೆ ದೂರು ಕೊಡಬಹುದು. ಅದರ ತೀರ್ಮಾನಕ್ಕೆ ಕಂಪನಿ ಬದ್ಧ, ಗಿರಾಕಿ ಬದ್ಧನಲ್ಲ. ಎಲ್ಲ ಕಂಪನಿಗಳೂ ಅದರ ವ್ಯಾಪ್ತಿಗೆ ಬರುವುದಿಲ್ಲ. ಇನ್ನೊಂದು ಸಂಘಕ್ಕೆ ಸೇರಿದ ಕಂಪನಿಗಳಿಗೆ ಇನ್ನೊಂದು ಕಛೇರಿ. ನೋಟೀಸು 15ನೆಯ ದಿನ ಬಂದರೆ, ಚಾಲಕನ ಹೆಸರು ಕಂಪನಿಗೆ ಗೊತ್ತಿಲ್ಲದಿದ್ದರೆ, ಕಾರಿನ ಒಡೆಯನನ್ನು ಹೊಣೆಯಾಗಿಸುವ ದಾರಿ ಮುಚ್ಚುತ್ತದೆ. ಕಾಗದವನ್ನು ಹರಿದೆಸೆದು ಸುಮ್ಮನಿರುವವರೂ ಇದ್ದಾರೆ; ಕಂಪನಿ ದಾವೆ ಹೂಡಿ, ಅವರು ಉತ್ತರ ಕೊಡದೆ ಹೋದರೆ, ಏಕಪಕ್ಷೀಯ ತೀರ್ಪಾಗಿ ಪೂರ್ತಿ ಹಣವೂ ಖರ್ಚೂ ತಲೆಯ ಮೇಲೆ ಬೀಳುತ್ತದೆ.

ದೂರುಗಳು ಹೆಚ್ಚಿದಾಗ ಪಾರ್ಲಿಮೆಂಟಿನ ಸದಸ್ಯ ಸರ್ ಗ್ರೆಗ್ ನೈಟ್ ಖಾಸಗಿ ಮಸೂದೆಯೊಂದನ್ನು ತಂದರು. 2019ರ ಮಾರ್ಚಿಯಲ್ಲಿ ಅದು ಕಾಯಿದೆಯಾಯಿತು; ಎಲ್ಲ ಕಂಪನಿಗಳಿಗೂ ಸರ್ಕಾರವೇ ಒಂದು ನಡಾವಳಿಯ ಸಂಹಿತೆ ಬರೆಯಬೇಕೆಂದು ವಿಧಿಸಿತು. 2022ರ ಫೆಬ್ರವರಿಯಲ್ಲಿ ಸಂಹಿತೆ ಹೊರಬಂತು. ಕಂಪನಿಗಳು 100 ಪೌಂಡಿನವರೆಗೆ ಕೇಳುತ್ತಿದ್ದುದನ್ನು ಲಂಡನ್ನಿನ ಹೊರಗೆ ಬಹುಪಾಲು 50ಕ್ಕೆ ಇಳಿಸಿ, ವಸೂಲಿಯ ಹೆಸರಿನಲ್ಲಿ ಮೇಲೆ ಮೇಲೆ ಸೇರಿಸುತ್ತಿದ್ದ ಹಣವನ್ನು ನಿಷೇಧಿಸಿತ್ತು. ಕಂಪನಿಗಳು ನ್ಯಾಯಾಲಯಕ್ಕೆ ಹೋದವು. ಅದೇ ಜೂನ್ ತಿಂಗಳಲ್ಲಿ ಸರ್ಕಾರ ಸಂಹಿತೆಯನ್ನು ಹಿಂತೆಗೆದುಕೊಂಡಿತು. ಮೂರು ವರ್ಷ ಕಳೆದು 2025ರ ಜುಲೈಯಲ್ಲಿ ಮತ್ತೆ ವಿಷಯವನ್ನೆತ್ತಿಕೊಂಡು ಸಾರ್ವಜನಿಕರ ಅಭಿಪ್ರಾಯ ಕೇಳಿತು. ಕೇಳಿದ ಪ್ರಶ್ನೆಗಳ ಪತ್ರಿಕೆ ಮಾತ್ರ ಬಹಳ ಉದ್ದವಾಗಿತ್ತು.